ಒಂದೇ ದಾರಿ, ಐದು ಅಳತೆ: ಜಿಪಿಎಸ್ ಹೇಳುವ ಕಿಲೋಮೀಟರ್ ಎಷ್ಟು ನಂಬಬಹುದು?

ಗುಡ್ಡಗಾಮಿ

ನಮಸ್ಕಾರ ಎಲ್ಲರಿಗೂ. ಮೊನ್ನೆ ನಾವು ಮೂವರು ಒಂದು ಗುಡ್ಡ ಹತ್ತಿ ಇಳಿದೆವು. ಹೊರಟ ಜಾಗಕ್ಕೇ ವಾಪಸ್ ಬಂದು ಸೇರುವ ಸುತ್ತುದಾರಿ. ಮೂವರೂ ಹಿಂದೆಮುಂದೆ ಒಟ್ಟಿಗೇ ನಡೆದದ್ದು, ಯಾರೂ ಅಡ್ಡದಾರಿ ಹಿಡಿಯಲಿಲ್ಲ. ಕೆಳಗೆ ಬಂದು ನೋಡಿದರೆ ಲೆಕ್ಕ ಹೀಗಿದೆ:

ನನ್ನ ಹ್ಯಾಂಡ್‌ಹೆಲ್ಡ್ ಜಿಪಿಎಸ್‌ನ ಓಡೋಮೀಟರ್: 15.1 ಕಿ.ಮೀ.
ಅದೇ ಹ್ಯಾಂಡ್‌ಹೆಲ್ಡ್‌ನ ಟ್ರ್ಯಾಕನ್ನು (ನಡೆದ ದಾರಿಯ ದಾಖಲೆ) ಕಂಪ್ಯೂಟರಿಗೆ ಹಾಕಿದಾಗ: 16.0
ಗೆಳೆಯನ ವಾಚು: 15.6
ಇನ್ನೊಬ್ಬರ ಫೋನಿನ ಆ್ಯಪ್: 17.2
ದಾರಿ ಶುರುವಾಗುವಲ್ಲಿ ನೆಟ್ಟಿರುವ ಬೋರ್ಡು: 14

ಬೋರ್ಡಿಗೂ ಫೋನಿಗೂ ಮೂರು ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ. ಹೋಗಲಿ, ನನ್ನದೇ ಯಂತ್ರದೊಳಗೆ ಎರಡು ಉತ್ತರ ಇದೆಯಲ್ಲ, ಅದು ಹೇಗೆ? ಪರದೆ ಮೇಲೆ ದಾರಿಯುದ್ದಕ್ಕೂ ±3 ಮೀ. ಅಂತ ತೋರಿಸುತ್ತಿತ್ತು. ಮೂರು ಮೀಟರಿನಷ್ಟು ನಿಖರವಾಗಿರುವ ಯಂತ್ರ ಕಿಲೋಮೀಟರುಗಟ್ಟಲೆ ತಪ್ಪುವುದು ಎಂದರೇನು? ತಿಳಿದವರು ಬಿಡಿಸಿ ಹೇಳಿ.

ಚಪ್ಪಲಿ ಚಾರಣಿಗ

ಐದನ್ನೂ ಕೂಡಿಸಿ ಐದರಿಂದ ಭಾಗಿಸಿ. 15.6 ಬರುತ್ತೆ. ವಾಚಿನವರು ಗೆದ್ದರು, ಥ್ರೆಡ್ ಮುಚ್ಚಬಹುದು.

ಅಕ್ಷಾಂಶ

ಚಪ್ಪಲಿಯವರೇ, ಇಷ್ಟು ಬೇಗ ಮುಚ್ಚಬೇಡಿ. ತಪ್ಪುಗಳು ಎರಡೂ ಕಡೆಗೆ ಸಮನಾಗಿ ಚದುರಿದ್ದರೆ ಮಾತ್ರ ಸರಾಸರಿಗೆ ಅರ್ಥ. ಇಲ್ಲಿ ಒಂದು ಯಂತ್ರ ಸ್ವಭಾವದಿಂದಲೇ ಹೆಚ್ಚು ಹೇಳುವಂಥದ್ದು, ಇನ್ನೊಂದು ಸ್ವಭಾವದಿಂದಲೇ ಕಡಿಮೆ ಹೇಳುವಂಥದ್ದು. ಇವನ್ನು ಕೂಡಿಸಿ ಭಾಗಿಸಿದರೆ ಬರುವುದು ಅದೃಷ್ಟದ ಉತ್ತರ.

ಗುಡ್ಡಗಾಮಿ, ಗಂಟು ಇರುವುದು ಆ ±3 ರಲ್ಲೇ. ಈ ಕ್ಷಣ ನೀವು ನಿಂತಿರುವ ಜಾಗ ಎಷ್ಟರಮಟ್ಟಿಗೆ ಗೊತ್ತು ಎಂದು ಯಂತ್ರ ತಾನೇ ಮಾಡಿಕೊಂಡ ಅಂದಾಜು ಅದು. ಅದರಾಚೆಗೆ ಹೋಗುವುದಿಲ್ಲ ಎಂಬ ಖಾತರಿಯೂ ಅಲ್ಲ. ದೂರದ ಮಾತು ಅಲ್ಲಿ ಬರುವುದೇ ಇಲ್ಲ. ಹೆಚ್ಚಿನ ಹ್ಯಾಂಡ್‌ಹೆಲ್ಡ್‌ಗಳು ದೂರವನ್ನು ಅಳೆಯುವುದೂ ಇಲ್ಲ, ಲೆಕ್ಕ ಹಾಕುತ್ತವೆ: ಆಗಾಗ ಒಂದು ಪಾಯಿಂಟ್ ಗುರುತು ಹಾಕಿಕೊಂಡು, ಪಾಯಿಂಟಿನಿಂದ ಪಾಯಿಂಟಿಗೆ ನೇರ ಗೆರೆ ಎಳೆದು, ಗೆರೆಗಳ ಉದ್ದ ಕೂಡುತ್ತವೆ.

ಒಂದು ಕಾಗದ ತೆಗೆದುಕೊಳ್ಳಿ. ನೇರ ದಾರಿ, ಮೀಟರಿಗೊಂದು ಪಾಯಿಂಟ್. ಮೊದಲ ಪಾಯಿಂಟ್ ದಾರಿಯಿಂದ ಅರ್ಧ ಮೀಟರ್ ಎಡಕ್ಕೆ ಬಿತ್ತು, ಮುಂದಿನದು ಅರ್ಧ ಮೀಟರ್ ಬಲಕ್ಕೆ, ಮತ್ತೆ ಎಡಕ್ಕೆ. ನೀವು ನಡೆದದ್ದು ಒಂದು ಮೀಟರ್, ಗೆರೆಯ ಉದ್ದ 1.41 ಮೀಟರ್. ಅಂದರೆ ಶೇ. 41 ಹೆಚ್ಚು. ಅದೇ ಅರ್ಧ ಮೀಟರ್ ತಪ್ಪನ್ನು ಇಟ್ಟುಕೊಂಡು ಹತ್ತು ಮೀಟರಿಗೊಂದು ಪಾಯಿಂಟ್ ಹಾಕಿ. ಗೆರೆ 10.05 ಮೀ., ಹೆಚ್ಚಾದದ್ದು ಶೇ. ಅರ್ಧ ಮಾತ್ರ. ಯಂತ್ರ ಅದೇ, ಉಪಗ್ರಹ ಅವೇ, ನಿಖರತೆಯೂ ಅಷ್ಟೇ. ಬದಲಾದದ್ದು ಪಾಯಿಂಟುಗಳ ಅಂತರ.

ತಪ್ಪು ಎಡಕ್ಕಾದರೂ ಬಲಕ್ಕಾದರೂ ಗೆರೆ ಉದ್ದವೇ ಆಗುತ್ತದೆ, ಒಂದನ್ನೊಂದು ಹೊಡೆದುಹಾಕುವುದಿಲ್ಲ. ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಜಿಯೋಗ್ರಾಫಿಕಲ್ ಇನ್ಫರ್ಮೇಷನ್ ಸೈನ್ಸ್‌ನಲ್ಲಿ 2016ರಲ್ಲಿ ಬಂದ ಒಂದು ಲೇಖನ ಇದನ್ನೇ ಗಣಿತದಿಂದ ತೋರಿಸಿದೆ. ಪಾಯಿಂಟುಗಳ ತಪ್ಪಿಗೆ ನಿರ್ದಿಷ್ಟ ದಿಕ್ಕು ಇಲ್ಲದಿದ್ದರೂ ಅವುಗಳ ನಡುವಿನ ದೂರ ಸರಾಸರಿಯಲ್ಲಿ ಹೆಚ್ಚಾಗಿಯೇ ಬರುತ್ತದೆ.

ಗುಡ್ಡಗಾಮಿ

ಸರ್, ಹಾಗಾದರೆ ಸೆಕೆಂಡಿಗೊಂದು ಪಾಯಿಂಟ್ ಬರೆಯುವ ಯಂತ್ರಗಳೆಲ್ಲ ಶೇ. 40 ಹೆಚ್ಚು ಹೇಳಬೇಕಿತ್ತಲ್ಲ? ವಾಚು ಸೆಕೆಂಡಿಗೊಂದು ಬರೆಯುವುದೇ, ಆದರೂ ಅಷ್ಟೇನೂ ಹಾರಿಲ್ಲ.

ಅಕ್ಷಾಂಶ

ಒಳ್ಳೆಯ ಪ್ರಶ್ನೆ. ಹಾರದಿರುವುದಕ್ಕೆ ಕಾರಣ, ಅಕ್ಕಪಕ್ಕದ ಸೆಕೆಂಡುಗಳ ತಪ್ಪು ಹೆಚ್ಚುಕಡಿಮೆ ಒಂದೇ ಕಡೆಗಿರುತ್ತದೆ. ಅಯಾನುಗೋಳದಲ್ಲಿ, ಅಂದರೆ ವಾತಾವರಣದ ಮೇಲ್ಪದರದಲ್ಲಿ, ಸಿಗ್ನಲಿಗಾಗುವ ವಿಳಂಬ, ಆಕಾಶದಲ್ಲಿ ಉಪಗ್ರಹಗಳು ಹರಡಿಕೊಂಡಿರುವ ರೀತಿ, ಇವೆಲ್ಲ ನಿಧಾನವಾಗಿ ಬದಲಾಗುವಂಥವು. ನಿಮ್ಮ ಇಡೀ ಟ್ರ್ಯಾಕು ನಾಲ್ಕು ಮೀಟರ್ ಪೂರ್ವಕ್ಕೆ ಸರಿದು ಕೂತಿದ್ದರೂ ಅದರ ಉದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಆಗದು. ದೂರವನ್ನು ಕೆಡಿಸುವುದು ಕ್ಷಣಕ್ಕೊಂದು ಕಡೆ ಹಾರುವ ತಪ್ಪು. ಬಂಡೆಗೋಡೆಗೆ ತಾಗಿ ಪ್ರತಿಫಲಿಸಿ ಬರುವ ಸಿಗ್ನಲ್, ದಟ್ಟ ಎಲೆಯ ಮರೆ, ಕೈ ಅಡ್ಡ ಬಂದು ಒಂದು ಉಪಗ್ರಹ ಕಣ್ಮರೆಯಾಗಿ ಇನ್ನೊಂದು ಸಿಗುವುದು, ಇವೆಲ್ಲ ಆ ಜಾತಿಯವು. ಹಾಗಾಗಿ ಜಾಗ ತೋರಿಸುವುದರಲ್ಲಿ ಉತ್ತಮವಾದ ಯಂತ್ರವೇ ದೂರ ಹೇಳುವುದರಲ್ಲೂ ಉತ್ತಮ ಎಂದು ಹೇಳಲಾಗದು.

ಸರ್ವೆ ಚೈನು

ಅಕ್ಷಾಂಶ ಅವರು ಅರ್ಧ ಕಥೆ ಹೇಳಿದ್ದಾರೆ. ಇನ್ನರ್ಧ ನಾನು ಹೇಳುತ್ತೇನೆ. ಅವರ ಲೆಕ್ಕ ಓದಿದವರು ತಕ್ಷಣ ಹೋಗಿ ಪಾಯಿಂಟುಗಳ ಅಂತರ ಹೆಚ್ಚಿಸಿಬಿಡುತ್ತಾರೆ ಎನ್ನುವುದು ನನ್ನ ಭಯ.

ಗುಡ್ಡದ ದಾರಿ ನೇರ ಇರುವುದಿಲ್ಲ. ಐದು ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವು ಇದೆ ಎನ್ನಿ. ನೀವು ಕಾಲಲ್ಲಿ ಸುತ್ತುವುದು ಅರ್ಧವೃತ್ತ, 15.7 ಮೀಟರ್. ತಿರುವಿನ ಈ ತುದಿಗೊಂದು ಆ ತುದಿಗೊಂದು ಪಾಯಿಂಟ್ ಬಿದ್ದರೆ ಲೆಕ್ಕಕ್ಕೆ ಸಿಗುವುದು 10 ಮೀಟರ್. ಬ್ಯಾಟರಿ ಉಳಿಸಲಿಕ್ಕೆಂದು ನಿಮಿಷಕ್ಕೊಂದು ಪಾಯಿಂಟ್ ಇಟ್ಟವರ ಕಥೆ ಇನ್ನೂ ಕೆಟ್ಟದ್ದು. ಏರಿನಲ್ಲಿ ಗಂಟೆಗೆ ಮೂರು ಕಿ.ಮೀ. ನಡೆದರೆ ನಿಮಿಷಕ್ಕೆ 50 ಮೀಟರ್ ಸಾಗುತ್ತೀರಿ. ತಿರುವಿನಿಂದ ತಿರುವಿಗೆ 25 ಮೀಟರ್ ಇರುವ ಅಂಕುಡೊಂಕು ದಾರಿಯಾದರೆ ಎಡಕ್ಕೆ ಹೋದದ್ದು, ಬಲಕ್ಕೆ ಬಂದದ್ದು ಎರಡೂ ಮಾಯ. ಟ್ರ್ಯಾಕಿನಲ್ಲಿ ನೀವು ಗುಡ್ಡಕ್ಕೆ ಏಣಿ ಹಾಕಿ ನೇರ ಹತ್ತಿದಂತೆ ಕಾಣುತ್ತದೆ.

ಅಂದರೆ ಎರಡು ತಪ್ಪು ಎದುರುಬದುರು ನಿಂತಿವೆ. ಪಾಯಿಂಟು ಹತ್ತಿರ ಹತ್ತಿರ ಇಟ್ಟರೆ ಸಿಗ್ನಲಿನ ನಡುಕ ಸೇರಿ ದೂರ ಬೆಳೆಯುತ್ತದೆ. ದೂರ ದೂರ ಇಟ್ಟರೆ ತಿರುವು ಕತ್ತರಿಸಿಹೋಗಿ ದೂರ ಕುಗ್ಗುತ್ತದೆ. ಮಧ್ಯೆ ಎಲ್ಲೋ ಒಂದು ಕಡೆ ಇವೆರಡೂ ಸಮವಾಗಿ ಸರಿಯಾದ ಸಂಖ್ಯೆ ಬರುತ್ತದೆ. ಆದರೆ ಆ 'ಎಲ್ಲೋ' ಎನ್ನುವುದು ಪ್ರತಿ ದಾರಿಗೂ ಬೇರೆ. ಬಯಲಿನ ನೇರ ದಾರಿಗೆ ಸರಿಹೋದ ಸೆಟ್ಟಿಂಗ್ ಕಣಿವೆಯ ಕಾಡುದಾರಿಗೆ ಸರಿಹೋಗದು. ನನ್ನ ಯಂತ್ರ ಬೋರ್ಡಿಗೆ ಸರಿಯಾಗಿ ಹೊಂದಿಕೊಂಡಿತು ಎಂದು ಬೀಗುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ.

ಬಿಟ್‌ಬೈಟ್

ಇದೆಲ್ಲ ಹಳೇ ಯಂತ್ರಗಳ ಕಾಲದ ಚರ್ಚೆ ಅನಿಸ್ತಿದೆ. ಈಗ ಡ್ಯುಯಲ್ ಬ್ಯಾಂಡ್ ಬಂದಿದೆ, ಅಂದ್ರೆ ಎರಡು ಆವರ್ತನದ ಸಿಗ್ನಲ್ ಹಿಡಿಯುವ ಯಂತ್ರ. ಜಿಪಿಎಸ್ ಜೊತೆಗೆ ಗ್ಲೋನಾಸ್, ಗೆಲಿಲಿಯೋ, ಬೈದೂ ಅಂತ ಬೇರೆಯವರ ಉಪಗ್ರಹ ವ್ಯವಸ್ಥೆಗಳೂ ಸೇರಿ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಉಪಗ್ರಹ ಸಿಗುತ್ತೆ. ಹೊಸ ಹ್ಯಾಂಡ್‌ಹೆಲ್ಡ್ ತಗೊಳ್ಳಿ, ಸಮಸ್ಯೆ ಮುಗೀತು.

ಸರ್ವೆ ಚೈನು

ತಮ್ಮಾ, 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ನಾಗರಿಕರ ಸಿಗ್ನಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರ್ ಆಚೀಚೆ ತೋರಿಸುವುದು ಆಗ ಮಾಮೂಲು. ಅದನ್ನು ನಿಲ್ಲಿಸಿದ ದಿನವೂ ಜನ 'ಸಮಸ್ಯೆ ಮುಗೀತು' ಎಂದೇ ಹೇಳಿದ್ದರು.

ಅಕ್ಷಾಂಶ

ಬಿಟ್‌ಬೈಟ್ ಹೇಳುವುದರಲ್ಲಿ ಹುರುಳಿಲ್ಲ ಎಂದಲ್ಲ. ಹಳೆಯ ನಾಗರಿಕ ಸಿಗ್ನಲ್ ಇರುವುದು ಎಲ್1 ಆವರ್ತನದಲ್ಲಿ, 1575.42 ಮೆಗಾಹರ್ಟ್ಸ್. ಹೊಸ ಎಲ್5 ಇರುವುದು 1176.45ರಲ್ಲಿ. ಎಲ್5ರ ಸಂಕೇತ ಹತ್ತು ಪಟ್ಟು ವೇಗವಾಗಿ ಬದಲಾಗುತ್ತದೆ, ಹಾಗಾಗಿ ನೇರವಾಗಿ ಬಂದ ಸಿಗ್ನಲ್ ಯಾವುದು, ಬಂಡೆಗೆ ತಾಗಿ ಸ್ವಲ್ಪ ತಡವಾಗಿ ಬಂದದ್ದು ಯಾವುದು ಎಂದು ಬಿಡಿಸಲು ಯಂತ್ರಕ್ಕೆ ಸುಲಭ. ಬೆಳಕಿನ ವೇಗದಲ್ಲಿ ಒಂದು ನ್ಯಾನೊಸೆಕೆಂಡ್ ತಡ ಎಂದರೆ 30 ಸೆಂ.ಮೀ. ದೂರದ ತಪ್ಪು ಎಂದು ನೆನಪಿಟ್ಟುಕೊಂಡರೆ ಇದರ ಬೆಲೆ ತಿಳಿಯುತ್ತದೆ. ಕಡಿದಾದ ಕಣಿವೆಯಲ್ಲಿ ಡ್ಯುಯಲ್ ಬ್ಯಾಂಡ್ ಟ್ರ್ಯಾಕು ಕಣ್ಣಿಗೇ ಚೊಕ್ಕಟವಾಗಿ ಕಾಣುತ್ತದೆ.

ಆದರೆ ಅದು ಸರ್ವೆ ಚೈನು ಅವರ ಅರ್ಧಕ್ಕೆ ಉತ್ತರವಲ್ಲ. ನಿಮಿಷಕ್ಕೊಂದು ಪಾಯಿಂಟ್ ಬರೆಯುವ ಡ್ಯುಯಲ್ ಬ್ಯಾಂಡ್ ಯಂತ್ರವೂ ಹೇರ್‌ಪಿನ್ ಕತ್ತರಿಸುತ್ತದೆ, ಚೊಕ್ಕಟವಾಗಿ ಕತ್ತರಿಸುತ್ತದೆ, ಅಷ್ಟೇ. ನಿಂತಲ್ಲೇ ನಿಂತಾಗ ದೂರ ಬೆಳೆಯುವುದಕ್ಕೂ ಅದು ಪೂರ್ತಿ ಮದ್ದಲ್ಲ.

ಮಳೆಕಾಡು

ನಿಂತಲ್ಲೇ ನಿಂತಾಗ ಅಂದಿರಲ್ಲ, ಅಲ್ಲಿಗೇ ಬರುತ್ತೇನೆ. ಗುಡ್ಡಗಾಮಿ, ಆ 17.2 ಹೇಳಿದ ಫೋನಿನ ಟ್ರ್ಯಾಕನ್ನು ಕಂಪ್ಯೂಟರಿನಲ್ಲಿ ತೆರೆದು, ನೀವು ಊಟಕ್ಕೆ ಕೂತ ಜಾಗಕ್ಕೆ ಚೆನ್ನಾಗಿ ಜೂಮ್ ಮಾಡಿ ನೋಡಿ. ಹಕ್ಕಿಗೂಡಿನ ಹಾಗೆ ಗೆರೆಗಳು ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ನೀವು ಬಂಡೆ ಮೇಲೆ ಕಾಲು ಚಾಚಿ ಕೂತಿದ್ದೀರಿ, ಫೋನು ಮಾತ್ರ ಸುತ್ತಮುತ್ತ ಅಲೆಯುತ್ತಲೇ ಇದೆ. ಸೆಕೆಂಡಿಗೆ ಬರೀ 25 ಸೆಂ.ಮೀ. ಅಲೆದರೂ 40 ನಿಮಿಷಕ್ಕೆ 600 ಮೀಟರ್ ಆಯಿತು. ಇಂಥ ಎರಡು ಮೂರು ನಿಲುಗಡೆ ಸೇರಿದರೆ ಒಂದು ಕಿಲೋಮೀಟರ್ ಎಲ್ಲಿಂದ ಬಂತು ಎಂದು ಹುಡುಕಬೇಕಿಲ್ಲ.

ನಿಮ್ಮದೇ ಯಂತ್ರದೊಳಗಿನ ಎರಡು ಉತ್ತರಕ್ಕೂ ಇದೇ ಬೇರು. ಓಡೋಮೀಟರ್ ಬೇರೆ ಲೆಕ್ಕ, ಟ್ರ್ಯಾಕ್ ಬೇರೆ ಲೆಕ್ಕ. ನಿಂತಾಗಿನ ಅಲೆದಾಟ ಸೇರದಿರಲಿ ಎಂದು ಕೆಲವು ಮಾಡೆಲ್‌ಗಳ ಓಡೋಮೀಟರ್ ಒಂದು ವೇಗಕ್ಕಿಂತ ಕೆಳಗಿನದನ್ನು ಎಣಿಸುವುದೇ ಇಲ್ಲ. ನಿಲುಗಡೆಯಲ್ಲಿ ಇದು ಒಳ್ಳೆಯದೇ. ಆದರೆ ಕಡಿದಾದ ಏರಿನಲ್ಲಿ ಎರಡು ಹೆಜ್ಜೆ ಇಟ್ಟು ಉಸಿರು ಬಿಡುತ್ತಾ ಹತ್ತುವಾಗ ಯಂತ್ರಕ್ಕೆ ಅದೂ ನಿಂತ ಹಾಗೇ ಕಾಣುತ್ತದೆ. ನಡೆದ ದೂರ ಬಿಟ್ಟುಹೋಗುತ್ತದೆ. ನಿಮ್ಮ 15.1 ಕಡಿಮೆ ಹೇಳಿದ್ದು, 16.0 ಹೆಚ್ಚು ಹೇಳಿದ್ದು ಎಂದು ನನ್ನ ಊಹೆ.

ಇನ್ನೊಂದು, ಯಂತ್ರವನ್ನು ಎಲ್ಲಿ ಇಟ್ಟುಕೊಂಡಿದ್ದಿರಿ? ಪ್ಯಾಂಟಿನ ಜೇಬಿನಲ್ಲಿದ್ದರೆ ಅರ್ಧ ಆಕಾಶಕ್ಕೆ ನಿಮ್ಮ ಮೈಯೇ ಅಡ್ಡ. ಮೈಯಲ್ಲಿ ನೀರೇ ಹೆಚ್ಚು, ನೀರು ಈ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಬ್ಯಾಗಿನ ಭುಜದ ಪಟ್ಟಿ ಇಲ್ಲವೇ ಬ್ಯಾಗಿನ ಮೇಲಿನ ಜೇಬು ವಾಸಿ. ಮೂತಿಯ ಹಾಗೆ ಆಂಟೆನಾ ಹೊರಗೆ ಚಾಚಿದ ಮಾಡೆಲ್ ಆದರೆ ನೆಟ್ಟಗೆ ನಿಲ್ಲಿಸಿ ಇಡಿ, ಅದರೊಳಗೆ ಸುರುಳಿ ಆಂಟೆನಾ ಇರುತ್ತದೆ. ಚಪ್ಪಟೆ ಮಾಡೆಲ್ ಆದರೆ ಪರದೆ ಆಕಾಶ ನೋಡುವಂತೆ ಮಲಗಿಸಿ.

ನಿಧಾನಸ್ಥ

ಇಷ್ಟೆಲ್ಲ ಯಾಕ್ರೀ? ಕಾಲು ನೋವು ಬಂದರೆ ದೂರ, ಬರದಿದ್ದರೆ ಹತ್ತಿರ.

ಮಳೆಕಾಡು

ನಿಮಗೆ ಸರಿ. ಆದರೆ ಹೊಸಬರ ಗುಂಪು ಕರೆದುಕೊಂಡು ಹೋಗುವವರಿಗೆ ಹಾಗಲ್ಲ ಮಾರಾಯ್ರೆ. ಕಾಡಿನೊಳಗೆ ಗಂಟೆಗೆ ಎರಡು ಕಿ.ಮೀ. ಸಾಗುವ ಗುಂಪಿಗೆ ಬೋರ್ಡಿನ 14 ನಿಜವಾಗಿ 16 ಆಗಿಬಿಟ್ಟರೆ ಕತ್ತಲಾಗುವ ಮುಂಚೆ ಇಳಿಯುವುದು, ಕತ್ತಲಾದ ಮೇಲೆ ಇಳಿಯುವುದು ಇಷ್ಟರ ವ್ಯತ್ಯಾಸ.

ನಿಧಾನಸ್ಥ

ಒಪ್ಪಿದೆ. ಟಾರ್ಚ್ ಯಾವಾಗಲೂ ಇರಲಿ.

ಗುಡ್ಡಗಾಮಿ

ಮೇಡಂ ಹೇಳಿದ ಹಾಗೆ ಫೋನಿನ ಟ್ರ್ಯಾಕ್ ತೆರೆದು ನೋಡಿದೆ. ಗೂಡು ಸಿಕ್ಕಿತು! ತುದಿಯಲ್ಲಿ ಕೂತ ಜಾಗದಲ್ಲಿ ಒಂದು, ಇಳಿಯುವಾಗ ಹಳ್ಳದ ಪಕ್ಕ ಇನ್ನೊಂದು. ಹಳ್ಳದ್ದು ದೊಡ್ಡದು, ಅಲ್ಲಿ ಎರಡೂ ಕಡೆ ಬಂಡೆ. ಒಂದು ಗೆರೆಯಂತೂ ಹಳ್ಳ ದಾಟಿ ಆಚೆ ಬಂಡೆಯೊಳಗೆ ಹೋಗಿ ವಾಪಸ್ ಬಂದಿದೆ.

ಆ ಬೋರ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಇಲಾಖೆಯವರು ಅಳೆದೇ ಬರೆದಿರುತ್ತಾರಲ್ಲವೇ? ಎಲ್ಲ ಯಂತ್ರವೂ ಅದಕ್ಕಿಂತ ಹೆಚ್ಚೇ ಹೇಳುತ್ತಿರುವುದು ಯಾಕೆ?

ಸರ್ವೆ ಚೈನು

ಬೋರ್ಡು ಬರೆದವರು ಹೇಗೆ ಅಳೆದರು ಎಂದು ಬೋರ್ಡು ಹೇಳುವುದಿಲ್ಲ. ಹೆಚ್ಚಿನ ಕಡೆ ನಕ್ಷೆಯ ಮೇಲಿನ ಚುಕ್ಕೆಗೆರೆಯನ್ನು ಅಳೆದು ಬರೆದಿರುತ್ತಾರೆ. 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 25 ಮೀಟರ್ ಅಗಲ ತಿನ್ನುತ್ತದೆ. ಇಪ್ಪತ್ತು ಮೀಟರ್ ಅಂತರದ ಎರಡು ಹೇರ್‌ಪಿನ್ ತೋಳುಗಳನ್ನು ಆ ನಕ್ಷೆಯಲ್ಲಿ ಬಿಡಿಸಿ ತೋರಿಸಲು ಜಾಗವೇ ಇಲ್ಲ. ನಕ್ಷೆ ಬರೆಯುವವನು ಹತ್ತು ತಿರುವು ಇದ್ದಲ್ಲಿ ಮೂರು ತೋರಿಸಿ ಮುಂದೆ ಹೋಗುತ್ತಾನೆ. ಅದು ಅವನ ತಪ್ಪಲ್ಲ. ನಕ್ಷೆ ಇರುವುದು ದಾರಿ ತೋರಿಸಲಿಕ್ಕೆ, ಹೆಜ್ಜೆ ಎಣಿಸಲಿಕ್ಕಲ್ಲ. ಹಾಗಾಗಿ ನಕ್ಷೆಯಿಂದ ಅಳೆದ ಗುಡ್ಡದ ದಾರಿ ಯಾವಾಗಲೂ ಚಿಕ್ಕದು.

ಇದಕ್ಕೆ ದೊಡ್ಡ ಹೆಸರೂ ಇದೆ. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಕೇಳಿದ ಪ್ರಶ್ನೆ ಇದೇ. ಅಳತೆಗೋಲು ಚಿಕ್ಕದಾದಷ್ಟೂ ಕರಾವಳಿ ಉದ್ದವಾಗುತ್ತಾ ಹೋಗುತ್ತದೆ.

ಬಿಟ್‌ಬೈಟ್

ಅಂದ್ರೆ ನಿಜವಾದ ಉದ್ದ ಅನ್ನೋದೇ ಇಲ್ಲವಾ ಸಾರ್?

ಸರ್ವೆ ಚೈನು

ಕರಾವಳಿಗೆ ಇಲ್ಲದಿರಬಹುದು. ಕಾಲುದಾರಿಗೆ ಇದೆ, ಯಾಕೆಂದರೆ ಅಲ್ಲಿ ಅಳತೆಗೋಲು ಮನುಷ್ಯನ ಹೆಜ್ಜೆ. ಹೆಜ್ಜೆಗಿಂತ ಚಿಕ್ಕ ಡೊಂಕು ನಡೆಯುವವನಿಗೆ ಲೆಕ್ಕವಿಲ್ಲ. ಆದರೂ ಒಬ್ಬ ಕಲ್ಲಿನ ಎಡಕ್ಕೆ ಹೋಗುತ್ತಾನೆ, ಇನ್ನೊಬ್ಬ ಬಲಕ್ಕೆ. ಶೇ. ಒಂದೆರಡರಷ್ಟು ಅಲ್ಲೇ ಹೋಯಿತು.

ನಿಜವಾಗಿಯೂ ಉದ್ದ ಬೇಕಾದವರು ಜಿಪಿಎಸ್ ಕಡೆ ತಿರುಗಿಯೂ ನೋಡುವುದಿಲ್ಲ. ಮ್ಯಾರಥಾನ್ 42.195 ಕಿ.ಮೀ. ಎಂದು ಪ್ರಮಾಣೀಕರಿಸುವುದು ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆ ಯಂತ್ರ ಕಟ್ಟಿ, ಮೊದಲೇ ಸ್ಟೀಲ್ ಟೇಪಿನಿಂದ ಅಳೆದಿಟ್ಟ ನೇರ ರಸ್ತೆಯ ಮೇಲೆ ಓಡಿಸಿ ಚಕ್ರವನ್ನು ತಾಳೆ ನೋಡಿ, ಆಮೇಲೆ ತಿರುವುಗಳಲ್ಲಿ ಓಡಲು ಸಾಧ್ಯವಿರುವ ಅತಿ ಚಿಕ್ಕ ಗೆರೆ ಹಿಡಿದು ಅಳೆಯುತ್ತಾರೆ. ಓಟ ಕಡಿಮೆ ಆಗದಿರಲಿ ಎಂದು ಸಾವಿರಕ್ಕೆ ಒಂದು ಪಾಲು ಹೆಚ್ಚೇ ಸೇರಿಸುತ್ತಾರೆ, ಅಂದರೆ ಸುಮಾರು 42 ಮೀಟರ್. ಅತಿ ಚಿಕ್ಕ ಗೆರೆ ಯಾವ ಓಟಗಾರನೂ ಪೂರ್ತಿ ಹಿಡಿಯುವುದಿಲ್ಲ, ಮೇಲೆ ಜಿಪಿಎಸ್ ನಡುಕ ಬೇರೆ. ಪ್ರತಿ ಓಟದ ಮರುದಿನ 'ನನ್ನ ವಾಚಿನಲ್ಲಿ 42.7 ಬಂದಿದೆ, ಅಳತೆ ತಪ್ಪು' ಎಂದು ಜಗಳ ತೆಗೆಯುವವರು ಇದ್ದೇ ಇರುತ್ತಾರೆ.

ಗುಡ್ಡದ ಕಲ್ಲುದಾರಿಯಲ್ಲಿ ಸೈಕಲ್ ನಡೆಯದು. ಅಲ್ಲಿ ಕೈಯಲ್ಲಿ ತಳ್ಳಿಕೊಂಡು ಹೋಗುವ ಅಳತೆ ಚಕ್ರವೇ ಗತಿ. ಅದೂ ಸಾಧುವಲ್ಲ. ಪ್ರತಿ ಕಲ್ಲಿನ ಉಬ್ಬನ್ನೂ ಹತ್ತಿ ಇಳಿದು ದೂರಕ್ಕೆ ಸೇರಿಸಿಕೊಳ್ಳುತ್ತದೆ, ಎತ್ತಿ ದಾಟಿಸಿದ ಕಡೆ ದೂರ ಬಿಡುತ್ತದೆ.

ಚಪ್ಪಲಿ ಚಾರಣಿಗ

ಇಳಿಜಾರಿನ ವಿಷಯ ಬಿಟ್ಟಿರಿ. ಜಿಪಿಎಸ್ ದೂರವನ್ನು ನಕ್ಷೆಯ ಮೇಲೆ ಚಪ್ಪಟೆಯಾಗಿ ಅಳೆಯುತ್ತೆ, ನಾವು ನಡೆಯೋದು ಓರೆಯಲ್ಲಿ. ವ್ಯತ್ಯಾಸ ಎಲ್ಲ ಅಲ್ಲೇ ಇರೋದು ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಹೇಳ್ತಾರೆ.

ಅಕ್ಷಾಂಶ

ಗಟ್ಟಿಯಾಗಿ ಹೇಳಿದರೂ ಲೆಕ್ಕ ಮೆತ್ತಗಿದೆ. ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ಓರೆ ಉದ್ದ ಶೇ. 0.5 ಹೆಚ್ಚು. ಇಪ್ಪತ್ತು ಏರಿದರೆ ಶೇ. 2. ಮೂವತ್ತು ಏರಿದರೆ ಶೇ. 4.4, ಅಷ್ಟು ಕಡಿದಾದ ದಾರಿ ಬಹಳ ಹೊತ್ತು ಇರುವುದಿಲ್ಲ. ಗುಡ್ಡಗಾಮಿ ಒಟ್ಟು ಸಾವಿರ ಮೀಟರ್ ಏರಿ ಇಳಿದಿದ್ದಾರೆ ಅಂದುಕೊಂಡರೂ ಇಡೀ ಸುತ್ತಿಗೆ ನೂರರಿಂದ ಮುನ್ನೂರು ಮೀಟರ್ ಸೇರಬಹುದು, ಅಷ್ಟೇ. ಎತ್ತರದಲ್ಲಿ ಜಿಪಿಎಸ್ ತಪ್ಪು ಅಡ್ಡದ ತಪ್ಪಿಗಿಂತ ದೊಡ್ಡದು. ಆ ಎತ್ತರ ಸೇರಿಸಿ ದೂರ ಲೆಕ್ಕ ಹಾಕುವ ತಂತ್ರಾಂಶ ಒಂದು ಸಣ್ಣ ತಪ್ಪು ತಿದ್ದಲು ಹೋಗಿ ಇನ್ನೊಂದು ದೊಡ್ಡದನ್ನು ಒಳಗೆ ಬಿಟ್ಟುಕೊಳ್ಳುವ ಸಂಭವವೇ ಹೆಚ್ಚು.

ಗುಡ್ಡಗಾಮಿ, ಒಂದು ಕೆಲಸ ಮಾಡಿ. ಮೂರೂ ಯಂತ್ರದ ಜಿಪಿಎಕ್ಸ್ ಫೈಲ್ (ಟ್ರ್ಯಾಕಿನ ಪಾಯಿಂಟುಗಳನ್ನು ಬರೆದಿಡುವ ಫೈಲ್) ತೆಗೆದುಕೊಂಡು ನಿಲುಗಡೆಯ ಗೂಡುಗಳನ್ನು ಅಳಿಸಿ. ಆಮೇಲೆ ಮೂರರಲ್ಲೂ ಹತ್ತು ಮೀಟರಿಗೊಂದು ಪಾಯಿಂಟ್ ಉಳಿಯುವಂತೆ ತೆಳುಗೊಳಿಸಿ, ಒಂದೇ ತಂತ್ರಾಂಶದಲ್ಲಿ ಉದ್ದ ನೋಡಿ. ಐದು ಸಂಖ್ಯೆಯನ್ನು ಐದು ಬೇರೆ ಅಡಿಕೋಲಿನಿಂದ ತೆಗೆದು ಹೋಲಿಸುವುದರಲ್ಲಿ ಅರ್ಥವಿಲ್ಲ.

ಬಿಟ್‌ಬೈಟ್

ಅಷ್ಟರೊಳಗೆ ಒಂದು ವಿಷಯ ಸೇರಿಸ್ತೀನಿ. ಜಿಪಿಎಸ್ ಯಂತ್ರ ವೇಗವನ್ನು ಜಾಗದಿಂದ ಕಂಡುಹಿಡಿಯಲೇಬೇಕು ಅಂತಿಲ್ಲ. ಉಪಗ್ರಹದ ಸಿಗ್ನಲಿನ ಆವರ್ತನ ಎಷ್ಟು ಜಾರಿದೆ ಅಂತ ನೋಡಿ ನೇರವಾಗಿ ವೇಗ ತೆಗೆಯಬಹುದು, ಡಾಪ್ಲರ್ ಪರಿಣಾಮ. ತೆರೆದ ಆಕಾಶದಲ್ಲಿ ಅದು ಸೆಕೆಂಡಿಗೆ ಕೆಲವೇ ಸೆಂಟಿಮೀಟರಿನಷ್ಟು ನಿಖರ. ವೇಗವನ್ನು ಸಮಯದಿಂದ ಗುಣಿಸಿ ಕೂಡ್ತಾ ಹೋದರೆ ಆ ಎಡ ಬಲ ನಡುಕ ಸೇರುವುದೇ ಇಲ್ಲ. ವಾಚುಗಳಲ್ಲಿ ಕೈಬೀಸಿನ ಸೆನ್ಸರ್ ಕೂಡ ಇರುತ್ತೆ. ವಾಚು ಮಧ್ಯಮ ಸಂಖ್ಯೆ ಹೇಳಿದ್ದಕ್ಕೆ ಇಂಥದ್ದೇನೋ ಕಾರಣ ಇರಬಹುದು.

ಸರ್ವೆ ಚೈನು

ಇದು ಒಳ್ಳೆಯ ಮಾತು ತಮ್ಮಾ.

ಗುಡ್ಡಗಾಮಿ

ಮಾಡಿದೆ. ಗೂಡು ಅಳಿಸಿ, ಹತ್ತು ಮೀಟರಿಗೆ ತೆಳುಗೊಳಿಸಿದ ಮೇಲೆ:

ಹ್ಯಾಂಡ್‌ಹೆಲ್ಡ್ 15.5
ವಾಚು 15.4
ಫೋನ್ 15.9

ಫೋನಿನದು ಇನ್ನೂ ಸ್ವಲ್ಪ ಹೆಚ್ಚು. ಕಾರಣ ಗೊತ್ತಾಯಿತು, ಅವರು ಅದನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟಿದ್ದರಂತೆ. ತಮಾಷೆಗೆ ಹ್ಯಾಂಡ್‌ಹೆಲ್ಡ್‌ನದನ್ನು ಐವತ್ತು ಮೀಟರಿಗೊಂದು ಪಾಯಿಂಟ್ ಮಾಡಿ ನೋಡಿದೆ. 14.3 ಬಂತು! ಬೋರ್ಡಿನ ಹತ್ತಿರ ಹತ್ತಿರ.

ಸರ್ವೆ ಚೈನು

ಐವತ್ತು ಮೀಟರ್ ಎಂದರೆ ಆ ನಕ್ಷೆಯ ಒಂದು ಮಿಲಿಮೀಟರ್. ಬೋರ್ಡಿನವರ ಅಡಿಕೋಲು ಸಿಕ್ಕಿತು ಎನ್ನಲು ಇಷ್ಟೇ ಸಾಲದು, ಆದರೆ ನನಗೇನೂ ಆಶ್ಚರ್ಯವಿಲ್ಲ. ನಿಮ್ಮ ಡೈರಿಯಲ್ಲಿ 'ಹದಿನೈದೂವರೆ' ಎಂದು ಬರೆದುಕೊಳ್ಳಿ. 15.47 ಎಂದು ಬರೆಯಬೇಡಿ, ಆ ಎರಡನೇ ದಶಮಾಂಶ ಯಾರಿಗೂ ಗೊತ್ತಿಲ್ಲ.

ಮಳೆಕಾಡು

ಯಂತ್ರವನ್ನು ಪರೀಕ್ಷೆ ಮಾಡಬೇಕು ಅನಿಸಿದರೆ ಓಟದ ಮೈದಾನಕ್ಕೆ ಹೋಗಿ. 400 ಮೀಟರ್ ಟ್ರ್ಯಾಕು ಮೊದಲೇ ನಿಖರವಾಗಿ ಅಳೆದದ್ದು, ಒಳ ಅಂಚಿನಿಂದ 30 ಸೆಂ.ಮೀ. ಹೊರಗಿನ ಗೆರೆಗೆ ಆ ಉದ್ದ. ಅಲ್ಲೇ ಹಿಡಿದು ಹತ್ತು ಸುತ್ತು ನಡೆದರೆ ನಾಲ್ಕು ಕಿ.ಮೀ. ಎರಡನೇ ಲೇನಿಗೆ ಜಾರಿದರೆ ಸುತ್ತಿಗೆ ಏಳು ಮೀಟರ್ ಹೆಚ್ಚಾಗುತ್ತದೆ, ಅದನ್ನು ಯಂತ್ರದ ತಲೆಗೆ ಕಟ್ಟಬೇಡಿ.

ಆದರೆ ಮೈದಾನದಲ್ಲಿ ಪಾಸಾದ ಯಂತ್ರ ಕಾಡಿನಲ್ಲೂ ಪಾಸು ಎಂದುಕೊಳ್ಳುವುದು ಬೇಡ. ಕಾಡಿಗೆ ಬೇರೆ ಪರೀಕ್ಷೆ: ಒಂದೇ ದಾರಿಯಲ್ಲಿ ಹೋಗಿ ಅದರಲ್ಲೇ ವಾಪಸ್ ಬಂದು, ಹೋದ ದೂರ ಬಂದ ದೂರ ಬೇರೆ ಬೇರೆ ನೋಡಿ. ಶೇ. ಎಷ್ಟು ವ್ಯತ್ಯಾಸ ಇದೆಯೋ ಕನಿಷ್ಠ ಅಷ್ಟು ಅನುಮಾನ ಆ ಯಂತ್ರದ ಮೇಲೆ ಇಟ್ಟುಕೊಳ್ಳಿ. ಎರಡೂ ಸಲ ಒಂದೇ ಕಡೆಗೆ ತಪ್ಪಿದ್ದರೆ ಇದರಿಂದ ಗೊತ್ತಾಗದು, ಅಷ್ಟು ಮಿತಿ ಇದೆ.

ಹೊರಡುವ ಮುಂಚೆ ಯಂತ್ರ ಆನ್ ಮಾಡಿ ತೆರೆದ ಜಾಗದಲ್ಲಿ ಒಂದೆರಡು ನಿಮಿಷ ಇಡಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಮಧ್ಯೆ ಮರ ಅಡ್ಡ ಬಂದರೆ ಮತ್ತೆ ಮೊದಲಿಂದ ಕಾಯಬೇಕು. ಫೋನಾದರೆ ಅದನ್ನು ನೆಟ್‌ವರ್ಕಿನಿಂದ ತಂದುಕೊಳ್ಳುತ್ತದೆ, ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲಿ ಅದಕ್ಕೂ ಇದೇ ಪಾಡು. ಟ್ರ್ಯಾಕಿನ ಮೊದಲ ಇನ್ನೂರು ಮೀಟರ್ ಹುಚ್ಚುಹುಚ್ಚಾಗಿ ಕಂಡರೆ ಕಾರಣ ಇದೇ ಇರಬಹುದು.

ನಿಧಾನಸ್ಥ

ನನ್ನದೂ ಒಂದು ಪ್ರಶ್ನೆ, ನಗಬೇಡಿ. ನನ್ನ ಬಳಿ ಒಂದು ಆ್ಯಪ್ ಇದೆ. ಅದರೊಳಗೆ ಟ್ರ್ಯಾಕು ಚೆನ್ನಾಗಿಯೇ ಕಾಣುತ್ತದೆ. ಫೈಲ್ ಹೊರಗೆ ತೆಗೆದು ಬೇರೆ ಕಡೆ ತೆರೆದರೆ ಗೆರೆ ಎಲ್ಲ ಮೆಟ್ಟಿಲು ಮೆಟ್ಟಿಲು. ಉದ್ದವೂ ಬೇರೆ. ಹೆಸರು ಹೇಳುವುದಿಲ್ಲ, ಅವರಿಗೆ ಬರೆದೆ, ಉತ್ತರ ಬರಲಿಲ್ಲ.

ಅಕ್ಷಾಂಶ

ನಗುವಂಥದ್ದೇನಿಲ್ಲ, ಇದು ಇದೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಪಾಯಿಂಟಿಗೂ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ದಶಮಾಂಶ ಚುಕ್ಕೆಯ ಮುಂದೆ ಎಷ್ಟು ಅಂಕಿ ಇದೆ ನೋಡಿ ಹೇಳಿ.

ನಿಧಾನಸ್ಥ

ನಾಲ್ಕು.

ಅಕ್ಷಾಂಶ

ಅದೇ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ನಾಲ್ಕನೇ ದಶಮಾಂಶಕ್ಕೆ 11 ಮೀಟರ್. ನಿಮ್ಮ ಪ್ರತಿ ಪಾಯಿಂಟನ್ನೂ ಆ ಆ್ಯಪ್ ಹನ್ನೊಂದು ಮೀಟರಿನ ಚೌಕಳಿಗೆ ಎಳೆದು ಕೂರಿಸಿದೆ, ಮೆಟ್ಟಿಲು ಬಂದದ್ದು ಅದಕ್ಕೆ. ಐದು ಅಂಕಿ ಇದ್ದರೆ 1.1 ಮೀ., ಆರು ಇದ್ದರೆ 11 ಸೆಂ.ಮೀ. ನಡಿಗೆಗೆ ಆರು ಧಾರಾಳ. ಸೆಟ್ಟಿಂಗಿನಲ್ಲಿ 'ಮೂಲ ಫೈಲ್' ಅಂತ ಬೇರೆ ಆಯ್ಕೆ ಇದೆಯಾ ನೋಡಿ, ಕೆಲವದರಲ್ಲಿ ಇರುತ್ತದೆ. ಇಲ್ಲದಿದ್ದರೆ ಕಳೆದುಹೋದ ಅಂಕಿಯನ್ನು ಯಾರೂ ವಾಪಸ್ ತರಲಾರರು, ಮುಂದಿನ ಚಾರಣಕ್ಕೆ ಬೇರೆ ಆ್ಯಪ್ ಹಾಕಿಕೊಳ್ಳಿ.

ನಿಧಾನಸ್ಥ

ಇದೆ, ಸಿಕ್ಕಿತು. ಮೂರನೇ ಮೆನುವಿನ ಒಳಗೆ ಬಚ್ಚಿಟ್ಟಿದ್ದಾರೆ. ಈಗ ಏಳು ಅಂಕಿ ಬರುತ್ತಿದೆ.